ಗಾಜಿನ ನೀರು

ಗಾಜಿಗೆ ಹಾಕುವ ನೀರನ್ನು ಮನುಷ್ಯರು ಕುಡಿಯಬಾರದು. ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟ ಮೊದಲ ಪಾಠ ಅದು. ಕೆಲಸ ಮುಗಿಸಿ ಹೊರಗೆ ಹೋಗುವಾಗ ಹದಿನಾಲ್ಕು ಹೆಂಗಸರೂ ಗೇಟಿನ ಹತ್ತಿರ ಸಾಲಾಗಿ ನಿಲ್ಲಬೇಕು. ಮನೆಯಿಂದ ತಂದ ಬಾಟಲಿಯ ಮುಚ್ಚಳ ತೆಗೆದು, ಮಗುಚಿ ತೋರಿಸಬೇಕು. ನಾಲ್ಕು ಹನಿ ನೆಲಕ್ಕೆ ಬಿದ್ದರೂ ಗೇಟಿನವನು ಹೆಸರು ಬರೆದುಕೊಳ್ಳುತ್ತಿದ್ದ. ಅದು ಮನೆಯಿಂದ ತಂದ ನೀರೇ ಉಳಿದಿದ್ದು ಎಂದರೆ ನಂಬುತ್ತಿರಲಿಲ್ಲ. ನೀರಿಗೆ ಮನೆಯ ಗುರುತು ಇರುತ್ತದೆಯೇ ಎಂದು ಅವನೇ ಕೇಳುತ್ತಿದ್ದ.

ಬೋರ್ ನೀರು ಹಾಕಿದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಕಲೆ ಕೂತರೆ ಬಿಸಿಲು ಒಳಗೆ ಇಳಿಯುವುದಿಲ್ಲ, ವಿದ್ಯುತ್ ಹುಟ್ಟುವುದಿಲ್ಲ. ಅದಕ್ಕೇ ಕಂಪನಿಯವರು ಒಂದು ಕೋಣೆ ತುಂಬ ಯಂತ್ರ ಇಟ್ಟು, ನೀರನ್ನು ಮೂರು ಸಲ ಶೋಧಿಸಿ, ಟ್ಯಾಂಕರಿಗೆ ತುಂಬಿ ಕಳಿಸುತ್ತಿದ್ದರು. ಅದೇ ಬೋರ್ ನೀರನ್ನು ಹೆಂಗಸರ ಸಾಲುಮನೆಗಳ ನಲ್ಲಿಗೆ ನೇರವಾಗಿ ಬಿಡುತ್ತಿದ್ದರು. ಪಾತ್ರೆಗಳ ಒಳಗೆ ಬಿಳಿ ಪದರ ಕಟ್ಟುತ್ತಿತ್ತು. ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿತ್ತು. ಗಾಜಿಗೆ ಆಗದ ನೀರು ಹೊಟ್ಟೆಗೆ ಆಗುತ್ತದೆ ಎಂದು ಯಾವ ಓದಿದವನು ಲೆಕ್ಕ ಹಾಕಿದನೋ.

ದೊಡ್ಡಕ್ಕ ಅಲ್ಲಿ ಸೇರಿ ಎರಡು ವರ್ಷವಾಗಿತ್ತು. ಹದಿನಾಲ್ಕು ಜನರಲ್ಲಿ ಅವಳೇ ಹಿರಿಯಳು. ಅದಕ್ಕೇ ಆ ಹೆಸರು. ಬೆಳಕು ಹರಿಯುವ ಮೊದಲೇ ಕೆಲಸ ಶುರು. ಬಿಸಿಲೇರಿ ಗಾಜು ಕಾದ ಮೇಲೆ ತಣ್ಣೀರು ಬಿದ್ದರೆ ಅದು ಸೀಳುತ್ತದೆ. ಆದ್ದರಿಂದ ಒಂಬತ್ತು ಗಂಟೆಯೊಳಗೆ ಸಾಲುಸಾಲು ಗಾಜು ತೊಳೆದು ಮುಗಿಸಬೇಕು. ಎರಡಾಳುದ್ದದ ಕೋಲು. ಅದರ ತುದಿಗೆ ಬ್ರಷ್ಷು. ಹೆಗಲ ಮೇಲೆ ನೀರಿನ ಪೈಪು. ಕೋಲು ಮೇಲೆತ್ತಿದರೆ ನೀರು ಕೋಲಿನ ಗುಂಟ ಇಳಿದು, ಮುಂಗೈಗೆ ಬಂದು, ಕಂಕುಳಿಗೆ ಸೇರಿ, ಸೊಂಟದವರೆಗೂ ತೊಯಿಸುತ್ತಿತ್ತು. ಚಳಿಯಲ್ಲಿ ಬೆರಳುಗಳು ಸೆಟೆದು, ಕೋಲು ಬಿಟ್ಟರೂ ಕೈ ಹಿಡಿದ ಹಾಗೇ ನಿಂತಿರುತ್ತಿತ್ತು. ಒಂಬತ್ತರ ಮೇಲೆ ಗಾಜಿನ ಅಡಿಯ ಹುಲ್ಲು ಕೀಳುವುದು. ಗಾಜಿನ ಕೆಳ ಅಂಚು ಸೊಂಟದ ಎತ್ತರಕ್ಕಿತ್ತು. ಕುಕ್ಕರಗಾಲಿನಲ್ಲೇ ಸರಿದು ಸರಿದು ಕೀಳಬೇಕು. ಅಲ್ಲಿ ಒಳ್ಳೆಯ ನೆರಳಿತ್ತು. ಆದರೆ ಆ ನೆರಳಿನಲ್ಲಿ ಕೂತು ಒಂದು ತುತ್ತು ತಿನ್ನುವ ಹಾಗಿರಲಿಲ್ಲ.

ಗೇಟಿನ ಪಕ್ಕ ಒಂದು ದೊಡ್ಡ ಬೋರ್ಡು ನಿಲ್ಲಿಸಿದ್ದರು. ಇವತ್ತು ಎಷ್ಟು ಯೂನಿಟ್ ವಿದ್ಯುತ್ ತಯಾರಾಯಿತು, ಅದರಿಂದ ಎಷ್ಟು ಮರ ಉಳಿದ ಹಾಗಾಯಿತು ಎಂದು ಕೆಂಪು ಅಂಕಿಗಳು ಓಡುತ್ತಿದ್ದವು. ಜೊತೆಯ ಹೆಂಗಸರಲ್ಲಿ ಮಾತಿನಲ್ಲಿ ಯಾರನ್ನೂ ಬಿಡದ ಕುಳ್ಳಿ ಅದನ್ನು ನೋಡಿದಾಗಲೆಲ್ಲ ಒಂದೇ ಮಾತು ಆಡುತ್ತಿದ್ದಳು.

"ಇಷ್ಟು ಸಾವಿರ ಮರ ಉಳಿಸಿದಾರಂತೆ. ಅದರಲ್ಲಿ ಒಂದನ್ನ ಇಲ್ಲಿ ನೆಟ್ಟಿದ್ರೆ ನಮಗೆ ಒಂದಕ್ಕೆ ಹೋಗೋಕಾದ್ರೂ ಮರೆ ಆಗ್ತಿತ್ತು."

ನಿಜವಾಗಿ ಅಲ್ಲಿ ಒಂದು ಮರವೂ ಇರಲಿಲ್ಲ. ಇದ್ದದ್ದು ಬೂದಿಗುಡ್ಡೆ.

ಆ ಜಾಗದಲ್ಲಿ ಮೂವತ್ತು ವರ್ಷ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುತ್ತಿದ್ದರು. ಸುಟ್ಟ ಮೇಲೆ ಉಳಿದ ಬೂದಿಯನ್ನು ಪಕ್ಕದಲ್ಲೇ ಗುಡ್ಡೆ ಹಾಕಿದ್ದರು. ಮೂರು ಮಹಡಿ ಎತ್ತರ. ಸುತ್ತ ನಡೆದು ಬರಲು ಮುಕ್ಕಾಲು ಗಂಟೆ ಬೇಕು. ಅದರ ಬುಡದಲ್ಲಿ ಕೂಲಿಯವರ ಸಾಲುಮನೆಗಳು. ದೊಡ್ಡಕ್ಕನ ಯೌವನವೆಲ್ಲ ಆ ಬೂದಿಯನ್ನು ಬುಟ್ಟಿಯಲ್ಲಿ ಹೊತ್ತು ಹಾಕುವುದರಲ್ಲೇ ಮುಗಿದಿತ್ತು. ಗಂಡನಿಗೆ ಗುಡ್ಡೆಗೆ ನೀರು ಹಿಡಿಯುವ ಕೆಲಸ. ಇಪ್ಪತ್ತೆರಡು ವರ್ಷ ಅವನ ಕೈಯಲ್ಲಿ ಪೈಪು ಬಿಟ್ಟರೆ ಬೇರೆ ಏನನ್ನೂ ಯಾರೂ ನೋಡಿರಲಿಲ್ಲ. ಎಲ್ಲರಿಗೂ ಅವನು ಪೈಪಣ್ಣ.

ಗುಡ್ಡೆಗೆ ನೀರು ಹಿಡಿಯುವುದೆಂದರೆ ತೋಟಕ್ಕೆ ನೀರು ಬಿಟ್ಟ ಹಾಗಲ್ಲ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ, ನೀರನ್ನು ತುಂತುರು ಮಾಡಿ ಬೀಳಿಸಬೇಕು. ಬೆರಳಿನ ಒಂದು ಗೆಣ್ಣಿನಷ್ಟು ಆಳ ನೆನೆದರೆ ಸಾಕು. ಅದು ಒಣಗಿ ಗಾರೆ ನೆಲದ ಹಾಗೆ ಗಟ್ಟಿಯಾಗುತ್ತದೆ. ಮೂರು ದಿನ ಗಾಳಿ ಏನು ಮಾಡಿದರೂ ಬೂದಿ ಏಳುವುದಿಲ್ಲ. ಸೊಕ್ಕಿನಿಂದ ರಭಸವಾಗಿ ಬಿಟ್ಟರೆ ಆ ಗಟ್ಟಿ ಪದರ ಒಡೆದು, ಒಳಗಿನ ಬೂದಿಯೆಲ್ಲ ಬಾಯ್ಬಿಡುತ್ತದೆ. ಪೈಪಣ್ಣನ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ನೀರು ಅದನ್ನು ಎಂದೋ ತಿಂದು ಹಾಕಿತ್ತು.

ಆಮೇಲೆ ಕಲ್ಲಿದ್ದಲಿನ ಕಾಲ ಮುಗಿಯಿತೆಂದು ಒಂದು ಸಭೆ ನಡೆಯಿತು. ಕೊಳೆಯ ಯುಗ ಹೋಯಿತು, ಬೆಳಕಿನ ಯುಗ ಬಂತು ಎಂದು ಯಾರೋ ಮೈಕು ಹಿಡಿದು ಭಾಷಣ ಮಾಡಿದರು. ಕೊನೆಯ ಕಲ್ಲಿದ್ದಲಿನ ತುಂಡನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಫೀಸಿನ ಬಾಗಿಲಲ್ಲಿ ಕೂರಿಸಿದರು. ಬೂದಿಗುಡ್ಡೆಯನ್ನು ಇಡುವಷ್ಟು ದೊಡ್ಡ ಪೆಟ್ಟಿಗೆ ಸಿಗಲಿಲ್ಲವೇನೋ. ಅದು ಇದ್ದಲ್ಲೇ ಉಳಿಯಿತು. ಅದಕ್ಕೆ ನೀರು ಹಿಡಿಯುವ ಪಂಪನ್ನು ಮಾತ್ರ ಹಳೆಯ ಕಬ್ಬಿಣದ ಜೊತೆ ಬಿಚ್ಚಿಕೊಂಡು ಹೋದರು.

ದೊಡ್ಡ ದೊಡ್ಡ ತಂತಿಗಳು ಆ ಜಾಗಕ್ಕೆ ಮೊದಲೇ ಬಂದಿದ್ದವು. ಬೇರೆ ಕಡೆ ಹೊಸ ತಂತಿ ಎಳೆಯುವ ಖರ್ಚು ಯಾಕೆಂದು ಬಿಸಿಲಿನ ಗಾಜುಗಳನ್ನೂ ಗುಡ್ಡೆಯ ಇನ್ನೊಂದು ಮಗ್ಗುಲಿಗೇ ತಂದು ಹಾಸಿದರು. ಗಾಳಿ ಎದ್ದರೆ ಅರ್ಧ ಬೂದಿ ಗಾಜಿನ ಮೇಲೆ, ಅರ್ಧ ಬೂದಿ ಸಾಲುಮನೆಗಳ ಮೇಲೆ. ಗಾಜಿನ ಮೇಲಿನದನ್ನು ತೊಳೆಯಲು ಹದಿನಾಲ್ಕು ಹೆಂಗಸರನ್ನು ಇಟ್ಟುಕೊಂಡರು. ಸಾಲುಮನೆಗಳ ಮೇಲೆ ಬಿದ್ದದ್ದು ಬಿದ್ದಲ್ಲೇ ಇತ್ತು.

ಗುಡ್ಡೆಯ ನೀರು ನಿಂತ ಆರು ತಿಂಗಳಿಗೆ ಪೈಪಣ್ಣನಿಗೆ ಕೆಮ್ಮು ಹಿಡಿಯಿತು. ವರ್ಷ ತುಂಬುವ ಹೊತ್ತಿಗೆ ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯುವ ಹಾಗಾದ. ಎರಡನೆಯ ವರ್ಷಕ್ಕೆ ಮಲಗುವುದನ್ನೇ ಬಿಟ್ಟ. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮಂಚದ ಮೇಲೆ ಕೂತು, ಮೊಣಕಾಲ ಮೇಲೆ ದಿಂಬಿಟ್ಟುಕೊಂಡು, ಅದರ ಮೇಲೆ ಹಣೆ ಊರಿ ತೂಕಡಿಸುತ್ತಿದ್ದ. ನಾಲ್ಕು ತಿಂಗಳಿಂದ ಅವನ ಬೆನ್ನು ಹಾಸಿಗೆ ಮುಟ್ಟಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಧೂಳಿಲ್ಲದ ಜಾಗದಲ್ಲಿ ಇಡಿ ಎಂದರು.

"ಧೂಳು ಬಾರದ ಹಾಗೆ ಮಾಡಿದ್ರೆ ಸಾಕಾ ಸಾರ್?" ದೊಡ್ಡಕ್ಕ ಕೇಳಿದ್ದಳು.

"ಸಾಕು ಅಂತ ಹೇಳೋಕಾಗಲ್ಲ. ಆದ್ರೆ ಇನ್ನಷ್ಟು ಹಾಳಾಗಲ್ಲ. ಮಲಗೋಕಾದ್ರೂ ಆಗಬಹುದು."

ಮಲಗೋಕಾದರೂ ಆಗಬಹುದು. ದೊಡ್ಡಕ್ಕ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹೆಂಗಸರ ಮೇಲಿನ ಸೂಪರ್‌ವೈಸರಿಗೆ ಫಳಫಳ ಎಂದು ಹೆಸರಿಟ್ಟಿದ್ದವಳು ಕುಳ್ಳಿ. ಬೆಳಿಗ್ಗೆ ಬಂದ ಕೂಡಲೇ "ಫಳಫಳ ಅನ್ನಬೇಕು, ಮುಖ ಕಾಣಬೇಕು" ಎನ್ನುತ್ತಿದ್ದ. ಅವನ ಶೂಗಳೂ ಫಳಫಳ. ಒಂದು ದಿನ ಅವನು ದೊಡ್ಡಕ್ಕನನ್ನು ಹಿಡಿದ.

ಆಗಿದ್ದು ಇಷ್ಟೇ. ಒಂದು ಗಾಜಿನ ಮೇಲೆ ಹಕ್ಕಿಯ ಹಿಕ್ಕೆ ಒಣಗಿ ಅಂಟಿತ್ತು. ಬ್ರಷ್ಷಿಗೆ ಬಗ್ಗಲಿಲ್ಲ. ದೊಡ್ಡಕ್ಕ ಹುಟ್ಟಿದಾಗಿನಿಂದ ಅಂಟಿದ್ದನ್ನು ಬಿಡಿಸಿದ್ದು ಬೂದಿಯಲ್ಲೇ. ತಳ ಹಿಡಿದ ಪಾತ್ರೆಗೆ ಬೂದಿ, ಕಿಲುಬು ಹಿಡಿದ ಕೊಡಕ್ಕೆ ಬೂದಿ. ಕೈ ತನ್ನಷ್ಟಕ್ಕೆ ಬಗ್ಗಿ, ನೆಲದಿಂದ ಒಂದು ಚಿಟಿಕೆ ತೆಗೆದು, ಒದ್ದೆ ಬಟ್ಟೆಗೆ ಹಚ್ಚಿ ತಿಕ್ಕಿತು. ಹಿಕ್ಕೆ ಹೋಯಿತು. ಅದರ ಜಾಗದಲ್ಲಿ ಅಂಗೈಯಷ್ಟು ಅಗಲಕ್ಕೆ ಸಣ್ಣ ಸಣ್ಣ ಗೀರು ಬಿತ್ತು. ಆ ಬೂದಿ ಪಾತ್ರೆಗಷ್ಟೇ ಒಗ್ಗುವ ಒಲೆಯ ಬೂದಿಯಾಗಿರಲಿಲ್ಲ. ಮರಳಿನ ಹಾಗೆ ಕೊರೆಯುವ ಬೂದಿ.

ಫಳಫಳ ಬಂದು ಬಗ್ಗಿ ನೋಡಿದ. ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು.

"ಇಲ್ಲಿ ನಿಂತ್ಕೋ. ಇದರ ಮುಂದೆ. ನಿನ್ನ ಮುಖ ನೋಡ್ಕೋತಾ ನಿಂತ್ಕೋ. ಗೀರು ಎಲ್ಲಿದೆ ಅಂತ ಚೆನ್ನಾಗಿ ಗೊತ್ತಾಗಲಿ."

"ಎಷ್ಟೊತ್ತು ಸಾರ್?"

"ನಾನು ಹೇಳೋವರೆಗೆ."

ಅವನು ಹೇಳಿದ್ದು ಮಧ್ಯಾಹ್ನ. ಬೆಳಿಗ್ಗೆ ಏಳರಿಂದ ಹನ್ನೆರಡೂವರೆಯವರೆಗೆ ಐವತ್ತೆರಡು ವರ್ಷದ ಹೆಂಗಸು ಒಂದು ಗಾಜಿನ ಮುಂದೆ ನಿಂತಿದ್ದಳು. ಬಿಸಿಲು ಗಾಜಿಗೆ ಬಡಿದು ಅವಳ ಮುಖಕ್ಕೆ ವಾಪಸು ಬರುತ್ತಿತ್ತು. ಹೆಂಗಸರು ಹುಲ್ಲು ಕೀಳುತ್ತ ಅವಳ ಕಾಲ ಬಳಿಯೇ ಸರಿದು ಹೋದರು. ಯಾರೂ ತಲೆ ಎತ್ತಲಿಲ್ಲ. ತಲೆ ಎತ್ತಿದರೆ ಅವಳನ್ನು ಇನ್ನಷ್ಟು ನೋಡಿದ ಹಾಗಾಗುತ್ತದೆಂದು. ಅವಳ ಬಾಯಿ ಒಣಗಿ ನಾಲಗೆ ಅಂಟಿಕೊಂಡಿತು. ಹತ್ತು ಮಾರು ದೂರದಲ್ಲಿ ಟ್ಯಾಂಕರಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಗಾಜಿನ ನೀರು. ಅವಳು ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ ಎಂದು ಆಮೇಲೆ ತನ್ನನ್ನೇ ಎಷ್ಟೋ ಸಲ ಬೈದುಕೊಂಡಳು.

ಗಂಡನಿಗೆ ಅವಳು ಏನನ್ನೂ ಹೇಳಲಿಲ್ಲ. ಆದರೆ ಸುಟ್ಟ ಮುಖವನ್ನು ಎಲ್ಲಿ ಬಚ್ಚಿಡುವುದು.

"ಯಾರು ನಿಲ್ಲಿಸಿದ್ದು?" ಪೈಪಣ್ಣ ಕೇಳಿದ. ಅಷ್ಟು ಕೇಳುವುದಕ್ಕೆ ಅವನಿಗೆ ಎರಡು ಉಸಿರು ಬೇಕಾಯಿತು.

"ಯಾರೂ ಇಲ್ಲರೀ. ಬಿಸಿಲು ಜೋರಿತ್ತು."

ಅವನು ಮತ್ತೆ ದಿಂಬಿಗೆ ಹಣೆ ಊರಿದ.

ಆ ವಾರ ಅವಳು ಆಫೀಸಿಗೆ ಹೋದಳು. ದೊಡ್ಡ ಸಾಹೇಬರ ಕೋಣೆಯ ಬಾಗಿಲಲ್ಲಿ, ಕಲ್ಲಿದ್ದಲಿನ ತುಂಡಿನ ಪಕ್ಕ, ಒಂದೂವರೆ ಗಂಟೆ ಕಾದಳು. ಒಳಗೆ ಕರೆದರು. ಕೂರು ಎನ್ನಲಿಲ್ಲ.

"ದಿನಕ್ಕೆ ಎರಡು ಟ್ಯಾಂಕರ್ ನೀರು ಗುಡ್ಡೆ ಮೇಲೆ ಹಿಡಿಸಿ ಸಾರ್. ಬೋರ್ ನೀರೇ ಸಾಕು. ನಮ್ಮನೆಯವರಿಗೆ ಉಸಿರಾಡೋಕೆ ಆಗ್ತಿಲ್ಲ. ಅವರೊಬ್ಬರೇ ಅಲ್ಲ, ಮನೆಗೊಬ್ಬರು ಹಾಗೇ ಕೂತಿದಾರೆ."

"ಆ ಬೂದಿ ನಮ್ಮದಲ್ಲಮ್ಮ. ಅದು ಹಳೇ ಕಂಪನೀದು. ನಮ್ಮದು ಹೊಸದು."

"ಹಳೇ ಕಂಪನಿಯವರು ಎಲ್ಲಿದಾರೆ ಸಾರ್? ಅವರನ್ನೇ ಕೇಳ್ತೀನಿ."

"ಅದು ಮುಚ್ಚಿ ಹೋಯ್ತಲ್ಲ."

"ಆವಾಗ್ಲೂ ನೀವೇ ಇದೇ ಕುರ್ಚಿ ಮೇಲೆ ಕೂತಿದ್ರಿ."

ಸಾಹೇಬರು ಕುರ್ಚಿಯ ಕೈಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ನೋಡಮ್ಮ, ಬಿಸಿಲು ಮಾತ್ರ ನಮ್ಮದು. ಬೂದಿಗೆ ನಾವು ಜವಾಬ್ದಾರರಲ್ಲ. ಕಾಗದದಲ್ಲೇ ಹಾಗಿದೆ."

"ಗಾಜಿನ ಮೇಲೆ ಬೀಳೋ ಬೂದಿ ಯಾರದು?"

"ಅದನ್ನ ತೊಳೆಯೋಕೆ ನಿಮ್ಮನ್ನ ಇಟ್ಟುಕೊಂಡಿದೀವಲ್ಲ."

"ಎದೆ ಒಳಗೆ ಬಿದ್ದಿದ್ದು?"

ಸಾಹೇಬರು ಗಡಿಯಾರ ನೋಡಿದರು. ಅವಳು ಹೊರಗೆ ಬಂದಳು.

ಹದಿನೈದು ದಿನ ಕಳೆದ ಮೇಲೆ ಫಳಫಳ ಎಲ್ಲರನ್ನೂ ಸೇರಿಸಿ ಒಂದು ಸಂತೋಷದ ಸುದ್ದಿ ಹೇಳಿದ. ತುಂಬ ಶುದ್ಧವಾಗಿ ವಿದ್ಯುತ್ ಮಾಡುತ್ತಿರುವುದಕ್ಕೆ ಕಂಪನಿಗೆ ಪ್ರಶಸ್ತಿ ಬಂದಿದೆ. ಕೊಡಲು ದೊಡ್ಡವರು ಬರುತ್ತಿದ್ದಾರೆ. ಬಂದವರು ಹೊಸ ಬಟ್ಟೆಯಿಂದ ಒಂದು ಗಾಜನ್ನು ತಮ್ಮ ಕೈಯಾರೆ ಒರೆಸುತ್ತಾರೆ. ಫೋಟೋ ತೆಗೆಯುತ್ತಾರೆ. ಹೆಂಗಸರು ಹಸಿರು ಕೋಟು ಹಾಕಿಕೊಂಡು ಹಿಂದೆ ನಿಲ್ಲಬೇಕು.

"ಕೋಟು ನಾವೇ ಇಟ್ಟುಕೋಬಹುದಾ ಸಾರ್?" ಕುಳ್ಳಿ ಕೇಳಿದಳು.

"ಇಲ್ಲ. ಫೋಟೋ ಆದ ಮೇಲೆ ವಾಪಸ್ ಕೊಡಬೇಕು."

"ಹಾಗಾದ್ರೆ ಫೋಟೋದಲ್ಲಿ ಇರೋವರೆಗೂ ನಾವು ಹಸಿರು."

ಫಳಫಳ ಕೇಳಿಸಿಕೊಳ್ಳದ ಹಾಗೆ ಮುಂದುವರಿಸಿದ. ಈಗ ಗಾಳಿಯ ದಿನಗಳು. ಬಂದವರಿಗೆ ಬೂದಿಯಿಂದ ತೊಂದರೆ ಆಗಬಾರದು. ಅವರಿಗೆಂದು ಒಳ್ಳೆಯ ಮಾಸ್ಕು ತರಿಸಲಾಗಿದೆ. ನಲವತ್ತು ಮಾಸ್ಕು. ಸಾಲುಮನೆಯವರು ಆ ಹೊತ್ತಿಗೆ ಬಾಗಿಲು ಹಾಕಿಕೊಂಡು ಒಳಗಿರಬೇಕು. ಕೆಮ್ಮುವವರಂತೂ ಹೊರಗೆ ಬರಲೇಬಾರದು.

ಅರ್ಧ ಗಂಟೆ ನಿಂತು ಹೋಗುವವರಿಗೆ ನಲವತ್ತು ಮಾಸ್ಕು. ಮೂವತ್ತು ವರ್ಷ ಅಲ್ಲೇ ಬಿದ್ದವರಿಗೆ ಬಾಗಿಲು. ದೊಡ್ಡಕ್ಕನಿಗೆ ಸಿಟ್ಟಿಗಿಂತ ಮೊದಲು ನಗು ಬಂತು. ಬೂದಿ ತಮ್ಮದಲ್ಲ ಎಂದು ಹೇಳಿದವರಿಗೆ ಅದು ಎಲ್ಲಿ ಹಾರುತ್ತದೆ, ಯಾರ ಮೂಗಿಗೆ ಹೋಗುತ್ತದೆ ಎಲ್ಲವೂ ಗೊತ್ತಿತ್ತು.

ದೊಡ್ಡವರು ಬರುವ ಹಿಂದಿನ ಸಂಜೆ ಗಾಳಿ ಎದ್ದಿತು. ಪೈಪಣ್ಣ ಬೆಳಗಿನವರೆಗೂ ಕೂತೇ ಇದ್ದ. ಅವನ ಪಕ್ಕೆಯ ಎಲುಬುಗಳ ನಡುವೆ ಚರ್ಮ ಒಳಗೆ ಸೇದಿಕೊಂಡು ಹೊರಗೆ ಬರುತ್ತಿತ್ತು. ದೊಡ್ಡಕ್ಕ ಒದ್ದೆ ಬಟ್ಟೆಯನ್ನು ಬಾಗಿಲಿಗೆ ಕಟ್ಟಿದಳು. ಕಿಟಕಿಗೆ ಕಟ್ಟಿದಳು. ಬೆಳಿಗ್ಗೆ ನೋಡಿದರೆ ಎರಡೂ ಬಟ್ಟೆ ಬೂದಿ ಬಣ್ಣ. ಒಂದನ್ನು ಹಿಂಡಿದಳು. ಕೆಸರು ಇಳಿಯಿತು.

"ಹೆಬ್ಬೆರಳಷ್ಟು ನೀರು," ಪೈಪಣ್ಣ ಉಸಿರು ಬಿಡಿಸಿಕೊಂಡು ಹೇಳಿದ. "ಹೆಬ್ಬೆರಳಷ್ಟು ನೀರಿನ ಕೆಲಸ. ಅಷ್ಟೂ ಮಾಡಲಿಲ್ಲ ಬೇವರ್ಸಿಗಳು."

ಅವಳು ಆ ಬಟ್ಟೆಯನ್ನು ತೊಳೆಯಲಿಲ್ಲ. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದಳು.

ಆಗಷ್ಟೇ ಮೂಡಣ ಬೆಳ್ಳಗಾಗುತ್ತಿತ್ತು. ಎರಡು ಟ್ಯಾಂಕರ್ ನೀರು ತಂದು ನಿಲ್ಲಿಸಿದ್ದರು. ಅಂದಿಗೆಂದು ಒಂದು ಹೆಚ್ಚಿಗೆ. ಗಾಜುಗಳ ಮೇಲೆ ಬೆರಳಲ್ಲಿ ಗೆರೆ ಎಳೆಯುವಷ್ಟು ಬೂದಿ ಕೂತಿತ್ತು. ಹೆಂಗಸರು ಕೋಲು ತೆಗೆದುಕೊಂಡರು. ದೊಡ್ಡಕ್ಕ ಕೋಲು ಮುಟ್ಟಲಿಲ್ಲ. ನೇರ ಟ್ಯಾಂಕರಿನ ಹತ್ತಿರ ಹೋಗಿ, ನಲ್ಲಿ ತಿರುಗಿಸಿ, ಬೊಗಸೆಯೊಡ್ಡಿ ಕುಡಿದಳು. ಗೇಟಿನವನು ಓಡಿ ಬಂದ. ಅವನನ್ನು ನೋಡುತ್ತಲೇ ಇನ್ನೊಂದು ಬೊಗಸೆ ಕುಡಿದಳು. ನೀರು ಗದ್ದದಿಂದ ಇಳಿದು ಎದೆ ತೊಯ್ದಿತು.

"ಏನ್ ಮಾಡ್ತಿದೀಯ? ಅದು ಗಾಜಿನ ನೀರು."

"ಗೊತ್ತು. ಸಪ್ಪೆ ಇದೆ," ಎಂದಳು ದೊಡ್ಡಕ್ಕ. "ಇದಕ್ಕಾ ಇಷ್ಟು ದಿನ ಬಾಟಲಿ ಮಗುಚಿಸಿದ್ದು?"

ಕುಳ್ಳಿ ಕೋಲು ಕೆಳಗಿಟ್ಟಳು. ಬಂದು ಕುಡಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಬಾಯಾರಿ ಬಂದವರು ಕಡಿಮೆ. ಎರಡು ವರ್ಷದ ಅವಮಾನ ತೀರಿಸಿಕೊಳ್ಳಲು ಕುಡಿದವರೇ ಹೆಚ್ಚು.

ಟ್ಯಾಂಕರ್ ಓಡಿಸುವವನು ಕುಳ್ಳಿಯ ಗಂಡ. ದೊಡ್ಡಕ್ಕ ಅವನ ಕಡೆ ತಿರುಗಿದಳು.

"ಗುಡ್ಡೆ ಮೇಲೆ ಹತ್ತಿಸಪ್ಪ ಗಾಡಿನ."

"ಅಕ್ಕ, ನನ್ನ ಕೆಲಸ ಹೋಗುತ್ತೆ."

"ನಿನ್ನ ಮಗಳ ಕೆಮ್ಮು ಹೋಗಿದೆಯಾ?"

ಅವನು ಹೆಂಡತಿಯ ಮುಖ ನೋಡಿದ.

"ನನ್ನನ್ನೇನು ನೋಡ್ತೀಯ, ಗೇರ್ ಹಾಕು," ಎಂದಳು ಕುಳ್ಳಿ.

ಬೂದಿಗುಡ್ಡೆಗೆ ಹಳೆಯ ಲಾರಿ ದಾರಿ ಇನ್ನೂ ಇತ್ತು. ಮೊದಲ ಟ್ಯಾಂಕರ್ ಅದನ್ನು ಹತ್ತಿತು. ಹಿಂದೆಯೇ ಹೆಂಗಸರು ಗಾಜು ತೊಳೆಯುವ ಪೈಪುಗಳನ್ನು ಹೆಗಲ ಮೇಲೆ ಎಳೆದುಕೊಂಡು ಹೊರಟರು. ಬೂದಿಯಲ್ಲಿ ಕಾಲು ಹೂತು, ಮೊಣಕಾಲವರೆಗೂ ಇಳಿಯುತ್ತಿತ್ತು. ಪೈಪಣ್ಣನನ್ನು ಸಾಮಾನು ಸಾಗಿಸುವ ಕೈಗಾಡಿಯಲ್ಲಿ ಕೂರಿಸಿ, ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿ, ಗುಡ್ಡೆಯ ಬುಡಕ್ಕೆ ತಂದರು. ಮೇಲೆ ಹತ್ತಿಸುವ ಹಾಗಿರಲಿಲ್ಲ. ಅವನು ಅಲ್ಲಿಂದಲೇ ಕೈ ಎತ್ತಿ ತೋರಿಸಿದ. ಅವನ ಮಾತು ಮೇಲೆ ತಲುಪುತ್ತಿರಲಿಲ್ಲ. ನಡುವೆ ನಿಂತ ಕುಳ್ಳಿ ಒಂದೊಂದನ್ನೂ ಕೂಗಿ ದಾಟಿಸಿದಳು.

"ಗಾಳಿಗೆ ಬೆನ್ನು ಕೊಡಬೇಕಂತೆ. ಹೆಬ್ಬೆರಳು ಅಡ್ಡ ಇಡಬೇಕಂತೆ. ಕೊಡ ಸುರಿದ ಹಾಗೆ ಸುರೀಬೇಡಿ, ಸೋನೆ ಮಳೆ ಥರ ಬೀಳಬೇಕಂತೆ. ಬಲಗಡೆಯವಳಿಗೆ ಬುದ್ಧಿ ಇಲ್ಲ ಅಂತಿದಾರೆ."

ಎಂಟು ಗಂಟೆಗೆ ಫಳಫಳ ಬಂದ. ಗಾಜುಗಳೆಲ್ಲ ಬೂದಿ ಮುಚ್ಚಿಕೊಂಡಿದ್ದವು. ಗುಡ್ಡೆ ಮಾತ್ರ ಅರ್ಧ ನೆನೆದು ಕಪ್ಪಾಗಿತ್ತು. ಅವನು ಬುಡದಲ್ಲಿ ನಿಂತು ಕೂಗಿದ. ಕೆಲಸದಿಂದ ತೆಗೆಯುತ್ತೇನೆ ಎಂದ. ಪೊಲೀಸರನ್ನು ಕರೆಸುತ್ತೇನೆ ಎಂದ. ಆಮೇಲೆ ದನಿ ಇಳಿಸಿ, ಬೇಡಿಕೆ ಏನಿದ್ದರೂ ನಾಳೆ ಮಾತಾಡೋಣ ಎಂದ. ಮೇಲೆ ಹತ್ತಲಿಲ್ಲ. ಶೂ ಹಾಳಾಗುತ್ತಿತ್ತು.

ಕುಳ್ಳಿಯ ಗಂಡ ಎರಡನೆಯ ಟ್ಯಾಂಕರನ್ನೂ ಗುಡ್ಡೆ ಹತ್ತಿಸಿದ. ಹತ್ತೂವರೆಗೆ ದೊಡ್ಡವರ ಕಾರುಗಳು ಬಂದವು.

ಕಾರಿನಿಂದ ಇಳಿದವರೆಲ್ಲ ಮಾಸ್ಕು ಹಾಕಿಕೊಂಡಿದ್ದರು. ಪ್ರಶಸ್ತಿ ಕೊಡಲು ಬಂದ ಮೇಡಂ ಫೋಟೋಗೆಂದು ತಮ್ಮದನ್ನು ತೆಗೆದರು. ಒಂದು ಗಾಜನ್ನಾದರೂ ತೊಳೆಸಿ ಇಡೋಣವೆಂದರೆ ತೊಳೆಯುವವರೂ ಇರಲಿಲ್ಲ, ತೊಳೆಯುವ ನೀರೂ ಇರಲಿಲ್ಲ. ಬೂದಿ ಇದ್ದರೆ ಒಳ್ಳೆಯದೇ, ಒರೆಸಿದ್ದು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ದೊಡ್ಡ ಸಾಹೇಬರೇ ಉಪಾಯ ಹೇಳಿದರು. ಬಿಳಿಯ ಹೊಸ ಬಟ್ಟೆಯನ್ನು ತಟ್ಟೆಯಲ್ಲಿಟ್ಟು ತಂದರು. ಹಿಂದೆ ನಿಲ್ಲಲು ಹಸಿರು ಕೋಟಿನ ಹೆಂಗಸರು ಬೇಕಲ್ಲ ಎಂದು ಕ್ಯಾಮೆರಾದವನು ಕೇಳಿದ. ಫಳಫಳ ಗುಡ್ಡೆಯ ಕಡೆಗೆ ಕೈ ಬೀಸಿ ಕರೆದ.

ದೊಡ್ಡಕ್ಕ ಒಬ್ಬಳೇ ಇಳಿದು ಬಂದಳು. ಮೊಣಕಾಲವರೆಗೂ ಬೂದಿಯ ಕೆಸರು. ಮೊಣಕೈವರೆಗೂ ಕೆಸರು. ಹುಬ್ಬಿನ ಮೇಲೂ ಇತ್ತು. ಅವಳು ಬಂದು ನಿಲ್ಲುವ ಹೊತ್ತಿಗೆ ಮೇಡಂ ಬಟ್ಟೆ ತೆಗೆದುಕೊಂಡು, ನಗುತ್ತ, ಒಣಗಿದ ಬೂದಿಯ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಒತ್ತಿ ಒರೆಸುತ್ತಿದ್ದರು. ಕರಕರ ಎಂದು ಸದ್ದು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬೂದಿ ಸರಿಯಿತು. ಬಿಸಿಲು ಬಿತ್ತು. ಗಾಜಿನ ಆ ತುದಿಯಿಂದ ಈ ತುದಿಯವರೆಗೂ ನೂರಾರು ಗೀರುಗಳು ಎದ್ದು ಕಂಡವು.

ಚಪ್ಪಾಳೆ ಮೆಲ್ಲಗೆ ನಿಂತಿತು. ಫಳಫಳ ಗಾಜು ನೋಡಿದ. ದೊಡ್ಡಕ್ಕ ಫಳಫಳನನ್ನು ನೋಡಿದಳು.

"ಸಾರ್," ಎಂದಳು. "ಅಂಗೈಯಷ್ಟು ಗೀರಿಗೆ ನನ್ನನ್ನ ಮಧ್ಯಾಹ್ನದವರೆಗೂ ನಿಲ್ಲಿಸಿದ್ರಿ. ಇವರನ್ನ ಎಷ್ಟೊತ್ತು ನಿಲ್ಲಿಸ್ತೀರಿ?"

ಮೇಡಂಗೆ ಅರ್ಥವಾಗಲಿಲ್ಲ. ಬಟ್ಟೆ ಹಿಡಿದುಕೊಂಡು ಎಲ್ಲರ ಮುಖ ನೋಡಿದರು.

"ಏನಂತೆ?"

"ಏನಿಲ್ಲ ಮೇಡಂ. ಕೆಲಸದವಳು," ಎಂದರು ದೊಡ್ಡ ಸಾಹೇಬರು.

ದೊಡ್ಡಕ್ಕ ಸೊಂಟದಿಂದ ಬಟ್ಟೆ ತೆಗೆದಳು. ಬೆಳಿಗ್ಗೆ ಬಾಗಿಲಿಂದ ಬಿಚ್ಚಿದ್ದು. ಬೂದಿ ಕುಡಿದು ಗಡಸಾಗಿತ್ತು. ಅದನ್ನು ತಟ್ಟೆಯಲ್ಲಿ, ಬಿಳಿ ಬಟ್ಟೆ ಇದ್ದ ಜಾಗದಲ್ಲಿ ಇಟ್ಟಳು.

"ಇದು ನಮ್ಮನೆ ಬಾಗಿಲು ಒರೆಸಿದ್ದಲ್ಲ ಮೇಡಂ. ನನ್ನ ಗಂಡನ ಉಸಿರು ಸೋಸಿದ್ದು. ಒಂದು ರಾತ್ರಿದು. ಇದರ ಫೋಟೋನೂ ತೆಗೀರಿ."

ಯಾರೂ ತೆಗೆಯಲಿಲ್ಲ. ಮೇಡಂ ಮಾಸ್ಕು ಹಾಕಿಕೊಂಡರು.

"ನಾಳೆಯಿಂದ ನೀವ್ಯಾರೂ ಬರಬೇಡಿ," ಎಂದ ಫಳಫಳ. ಹಲ್ಲು ಕಚ್ಚಿಕೊಂಡೇ ಮೆಲ್ಲಗೆ ಹೇಳಿದ, ಬಂದವರಿಗೆ ಕೇಳಿಸದ ಹಾಗೆ.

"ಬರಲ್ಲ," ಎಂದಳು ದೊಡ್ಡಕ್ಕ. ಮೆಲ್ಲಗೆ ಹೇಳಲಿಲ್ಲ. "ಗಾಳಿ ಬರುತ್ತೆ. ಅದಕ್ಕೂ ಬರಬೇಡ ಅಂತ ಹೇಳಿ."

ಆ ಸಂಜೆಯ ಹೊತ್ತಿಗೆ ಗುಡ್ಡೆ ಒಣಗಿ ಗಟ್ಟಿಯಾಗಿತ್ತು. ಗಾಳಿ ಬೀಸಿತು. ಬೂದಿ ಏಳಲಿಲ್ಲ. ಪೈಪಣ್ಣ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡುತ್ತ ಕೂತಿದ್ದ. ಆಮೇಲೆ ಮೊಣಕಾಲ ಮೇಲಿನ ದಿಂಬು ತೆಗೆದು, ಹಿಂದಕ್ಕೆ ಇಟ್ಟು, ಕೈಯೂರಿ ಮೆಲ್ಲಗೆ ಒರಗಿದ. ಬೆನ್ನು ಹಾಸಿಗೆಗೆ ತಾಗಿತು. ಎಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೋ ಎಂದು ದೊಡ್ಡಕ್ಕ ಪಕ್ಕದಲ್ಲೇ ಕೂತು ಕಾದಳು. ಅವನು ನಿದ್ದೆ ಹೋದ. ಅವಳು ಅವನ ಕಾಲ ಬಳಿ ತಲೆಯಿಟ್ಟು ಅತ್ತಳು. ಆಫೀಸಿನ ಬಾಗಿಲಲ್ಲಿ ಅಳದವಳು, ಗಾಜಿನ ಮುಂದೆ ಐದೂವರೆ ಗಂಟೆ ನಿಂತು ಅಳದವಳು ಅಲ್ಲಿ ಅತ್ತಳು.

ಮೂರು ದಿನ ಅವನು ಮಲಗಿ ನಿದ್ದೆ ಮಾಡಿದ.

ಕಂಪನಿಯವರು ಬೇರೆ ಕಡೆಯಿಂದ ಜನ ಕರೆಸಿದರು. ಬಂದವರು ಎರಡು ದಿನ ಇದ್ದು, ಕೆಲಸ ತಾಳದೆ ಕೋಲು ಬಿಸಾಡಿ ಹೋದರು. ನಾಲ್ಕನೆಯ ದಿನ ಗುಡ್ಡೆಯ ಪದರ ಬಿರುಕು ಬಿಟ್ಟಿತು. ಬೂದಿ ಎದ್ದಿತು. ಗಾಜು ಮುಚ್ಚಿತು. ಗೇಟಿನ ಬೋರ್ಡಿನ ಕೆಂಪು ಅಂಕಿಗಳು ಇಳಿಯತೊಡಗಿದವು. ಕುಳ್ಳಿ ದಿನಾ ಹೋಗಿ ನೋಡಿಕೊಂಡು ಬರುತ್ತಿದ್ದಳು. ಇವತ್ತು ಇಷ್ಟು ಸಾವಿರ ಮರ ಸತ್ತವು ಎಂದು ಸಾಲುಮನೆಗಳಿಗೆಲ್ಲ ಸುದ್ದಿ ಹೇಳುತ್ತಿದ್ದಳು. ಪೈಪಣ್ಣ ಮತ್ತೆ ದಿಂಬನ್ನು ಮೊಣಕಾಲ ಮೇಲೆ ತೆಗೆದುಕೊಂಡಿದ್ದ. ದೊಡ್ಡಕ್ಕನಿಗೆ ತಾನು ಹೋಗಿ ಕಾಲು ಹಿಡಿದರೆ ನೀರು ಬಿಟ್ಟಾರು ಎನಿಸಿತು. ಒಮ್ಮೆ ಚಪ್ಪಲಿಯನ್ನೂ ಮೆಟ್ಟಿದಳು.

"ಎಲ್ಲಿಗೆ?" ಎಂದ ಪೈಪಣ್ಣ.

"ಎಲ್ಲಿಗೂ ಇಲ್ಲ."

"ಹಾಗಾದ್ರೆ ಚಪ್ಪಲಿ ಬಿಡು. ನಾನು ಕೂತಿರ್ತೀನಿ. ಕೂತು ಅಭ್ಯಾಸ ಆಗಿದೆ."

ಏಳನೆಯ ದಿನ ಗುಡ್ಡೆಯ ಮೇಲೆ ಟ್ಯಾಂಕರ್ ಕಾಣಿಸಿತು. ಸಾಲುಮನೆಯವರೆಲ್ಲ ಹೊರಗೆ ಬಂದರು. ಪೈಪು ಹಿಡಿದಿದ್ದವನು ಫಳಫಳ. ಜೊತೆಗೆ ಇಬ್ಬರು ಆಫೀಸಿನವರು. ಗಾಳಿಗೆ ಮುಖ ಕೊಟ್ಟು ನಿಂತಿದ್ದ. ನೀರನ್ನು ರಭಸವಾಗಿ ಬಿಟ್ಟಿದ್ದ. ನೀರು ಬಿದ್ದಲ್ಲೆಲ್ಲ ಗುಂಡಿ ಬಿದ್ದು, ಒಳಗಿನ ಒಣ ಬೂದಿ ಬುಸ್ಸೆಂದು ಎದ್ದು ಅವನ ಬಾಯಿಗೇ ಹೋಗುತ್ತಿತ್ತು. ಪೈಪಣ್ಣ ಮಂಚದಿಂದಲೇ ಬಾಗಿಲಾಚೆ ನೋಡಿದ.

"ಇದ್ದ ಪದರಾನೂ ಒಡೆದು ಹಾಕ್ತಿದಾನೆ. ಯಾರಾದ್ರೂ ಹೋಗಿ ಹೇಳ್ರಿ ಆ ಮುಟ್ಠಾಳನಿಗೆ."

"ಬೇಡ," ಎಂದಳು ದೊಡ್ಡಕ್ಕ. "ಅವನೇ ಬರಲಿ."

ಮುಕ್ಕಾಲು ಗಂಟೆಗೆ ಫಳಫಳ ಇಳಿದು ಬಂದ. ತಲೆಯಿಂದ ಶೂವರೆಗೂ ಒಂದೇ ಬಣ್ಣ. ಕಣ್ಣಿನ ರೆಪ್ಪೆಯ ಮೇಲೂ ಬೂದಿ. ಕೆಮ್ಮು ಹತ್ತಿ ಮಾತು ಹೊರಡುತ್ತಿರಲಿಲ್ಲ. ಕೈಯಲ್ಲಿ ಆಫೀಸಿನ ನೀರಿನ ಬಾಟಲಿ ಇತ್ತು. ದೊಡ್ಡಕ್ಕನ ಬಾಗಿಲಿಗೆ ಬಂದು ನಿಂತ. ಗಾಜು ತೊಳೆಯುತ್ತಿದ್ದ ಉಳಿದ ಹೆಂಗಸರೆಲ್ಲ ಬಂದು ಅಕ್ಕಪಕ್ಕ ನಿಂತರು. ಹದಿಮೂರು ಜನ.

"ದಿನಾ ಎರಡು ಟ್ಯಾಂಕರ್ ಬಿಡ್ತಾರಂತೆ. ಸಾಹೇಬರು ಒಪ್ಪಿದಾರೆ," ಎಂದ. ಮತ್ತೆ ಕೆಮ್ಮಿದ. "ನಿಮ್ಮನ್ನೆಲ್ಲ ವಾಪಸ್ ತಗೋತಾರೆ. ಹೇಗೆ ಹಿಡೀಬೇಕು ಅಂತ ನಿಮ್ಮನೆಯವರು ಸ್ವಲ್ಪ ಹೇಳಿಕೊಟ್ಟರೆ..."

"ಹೇಳಿಕೊಡ್ತಾರೆ."

ಅವನು ಹೊಸ್ತಿಲ ಮೇಲೆ ಕಾಲಿಟ್ಟ. ದೊಡ್ಡಕ್ಕ ಜಾಗ ಬಿಡಲಿಲ್ಲ.

"ಆ ಬಾಟಲಿ ಮಗುಚಿ," ಎಂದಳು. "ಆಮೇಲೆ ಒಳಗೆ ಬನ್ನಿ."